ನಕಲು ತಪ್ಪಿದರೆ ಲ್ಯಾಪ್‌ಟಾಪ್ ಹಗುರ

ಸ್ಕ್ರೀನ್ ರೆಕಾರ್ಡಿಂಗ್ ಶುರುವಾದ ಕೂಡಲೇ ಲ್ಯಾಪ್‌ಟಾಪಿನ ಫ್ಯಾನ್ ಭೋರೆನ್ನುತ್ತದೆ. ದೂರು ಸಾಮಾನ್ಯವಾಗಿ ವಿಡಿಯೊ ಕುಗ್ಗಿಸುವ ಎನ್‌ಕೋಡರ್ ಮೇಲೆ ಹೋಗುತ್ತದೆ. ಆದರೆ ಎನ್‌ಕೋಡರ್ ಕೈಗೆ ಚಿತ್ರ ಸಿಗುವ ಮೊದಲೇ ಅದು ಮೆಮೊರಿಯಲ್ಲಿ ಹಲವು ಸಲ ನಕಲಾಗಿರಬಹುದು.

ಲೆಕ್ಕ ನೋಡಿ. 1920x1080 ಪರದೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್‌ಗಳು, ತಲಾ 4 ಬೈಟ್. ಒಂದು ಫ್ರೇಮ್ ಸುಮಾರು 8.3 ಎಂಬಿ, ಸೆಕೆಂಡಿಗೆ 60 ಫ್ರೇಮ್ ಅಂದರೆ ಹತ್ತಿರಹತ್ತಿರ 500 ಎಂಬಿ. ಇದು ಒಂದೇ ನಕಲಿನ ಲೆಕ್ಕ. ನಕಲೆಂದರೆ ಒಂದು ಕಡೆ ಓದಿ ಇನ್ನೊಂದು ಕಡೆ ಬರೆಯುವುದು, ಹಾಗಾಗಿ ಹೊರೆ ಇಮ್ಮಡಿ. 4ಕೆ ಪರದೆಗಾದರೆ ಇದೆಲ್ಲದರ ನಾಲ್ಕು ಪಟ್ಟು.

ಲಿನಕ್ಸ್‌ನ ಹಳೆಯ ಎಕ್ಸ್11 ವ್ಯವಸ್ಥೆಯಲ್ಲಿ ಇಡೀ ಚಿತ್ರ ಸಾಕೆಟ್ ಮೂಲಕ ಹಾದು ಬರುತ್ತಿತ್ತು. ಹಂಚಿಕೆಯ ಮೆಮೊರಿ ಬಳಸುವ ವಿಸ್ತರಣೆ ಬಂದಾಗ ಸಾಕೆಟ್ಟಿನ ಪ್ರಯಾಣ ತಪ್ಪಿತು, ನಕಲು ಪೂರ್ತಿ ತಪ್ಪಲಿಲ್ಲ. ನಿಜವಾದ ದಾರಿ ತೆರೆದದ್ದು 2012ರಲ್ಲಿ, ಸುಮಿತ್ ಸೆಮ್ವಾಲ್ ಬರೆದ, ಬಫರ್ ಹಂಚಿಕೊಳ್ಳುವ ವ್ಯವಸ್ಥೆ ಡಿಎಂಎ-ಬಫ್ ಲಿನಕ್ಸ್ ಕರ್ನೆಲ್ 3.3ಕ್ಕೆ ಸೇರಿದಾಗ. ಗೋದಾಮಿನ ಸರಕು ಹೊತ್ತು ತರುವ ಬದಲು ಬೀಗದ ಕೈಯನ್ನೇ ಕೊಟ್ಟಂತೆ: ಚಿತ್ರ ಗ್ರಾಫಿಕ್ಸ್ ಮೆಮೊರಿಯಲ್ಲೇ ಉಳಿಯುತ್ತದೆ, ರೆಕಾರ್ಡರಿಗೆ ದಾಟುವುದು ಒಂದು ಫೈಲ್ ಡಿಸ್ಕ್ರಿಪ್ಟರ್ ಮಾತ್ರ. ಇಂದು ಎಕ್ಸ್11ರ ಜಾಗಕ್ಕೆ ಬಂದಿರುವ ವೇಲ್ಯಾಂಡ್‌ನಲ್ಲಿ ಅದನ್ನು ದಾಟಿಸುವ ಕೆಲಸವನ್ನು ಪೈಪ್‌ವೈರ್ ಎಂಬ ತಂತ್ರಾಂಶ ಮಾಡುತ್ತದೆ.

ಹಂಚಿಕೊಂಡ ಮೇಲೆ ಇನ್ನೊಂದು ತಲೆನೋವು. ರೆಕಾರ್ಡರ್ ಓದಿ ಮುಗಿಸುವ ಮೊದಲೇ ಅದೇ ಜಾಗದಲ್ಲಿ ಮುಂದಿನ ಫ್ರೇಮ್ ಮೂಡಿದರೆ ಚಿತ್ರದ ಒಂದು ಭಾಗ ಹೊಸದು, ಇನ್ನೊಂದು ಭಾಗ ಹಳೆಯದು. ಅದಕ್ಕೇ ಮೂರ್ನಾಲ್ಕು ಬಫರ್‌ಗಳನ್ನು ಸರದಿಯಲ್ಲಿ ಬಳಸುತ್ತಾರೆ. ಓದು ಮುಗಿದ ಬಫರ್ ಮಾತ್ರ ವಾಪಸ್ಸಾಗುತ್ತದೆ. ಈ ಶಿಸ್ತನ್ನು ಸರಿಯಾಗಿ ಬರೆಯುವುದೇ ಇಡೀ ಕೆಲಸದ ಕಠಿಣ ಭಾಗ ಎಂಬುದು ನನ್ನ ಅಭಿಪ್ರಾಯ.

ವಿಂಡೋಸ್ 8ರಲ್ಲಿ ಬಂದ ಡೆಸ್ಕ್‌ಟಾಪ್ ಡುಪ್ಲಿಕೇಶನ್ ಎಂಬ ಪರದೆ ಸೆರೆಹಿಡಿಯುವ ಸೌಲಭ್ಯ ಇನ್ನೊಂದು ಉಪಕಾರ ಮಾಡಿತು: ಪರದೆಯ ಯಾವ ಭಾಗ ಬದಲಾಗಿದೆ ಎಂದೂ ತಿಳಿಸುತ್ತದೆ. ಪಾಠದ ಸ್ಲೈಡ್ ಮೇಲೆ ನಿಮಿಷಗಟ್ಟಲೆ ಏನೂ ಬದಲಾಗದಿರುವಾಗ ಇಡೀ ಪರದೆಯನ್ನು ಯಾಕೆ ಎತ್ತಬೇಕು?

ಸಿಪಿಯು ಮೇಲೆ ಓಡುವ ಎನ್‌ಕೋಡರ್ ಆದರೆ ಒಂದು ನಕಲು ಸಾಮಾನ್ಯವಾಗಿ ಅನಿವಾರ್ಯ. ಆಗಲೂ ಬಣ್ಣದ ರೂಪವನ್ನು ಜಿಪಿಯು ಒಳಗೇ ಎನ್‌ವಿ12 ಎಂಬ ಕಡಿಮೆ ಬೈಟ್‌ಗಳ ರೂಪಕ್ಕೆ ಬದಲಿಸಿದರೆ 8.3 ಎಂಬಿ ಫ್ರೇಮ್ 3.1 ಎಂಬಿಗೆ ಇಳಿಯುತ್ತದೆ. ಅಗ್ಗದ ಲ್ಯಾಪ್‌ಟಾಪಿನಲ್ಲಿ ಪಾಠ ರೆಕಾರ್ಡ್ ಮಾಡುವ ಮೇಷ್ಟ್ರಿಗೆ ಈ ಉಳಿತಾಯ ದೊಡ್ಡದು, ಅಲ್ಲಿ ಸಿಪಿಯು, ಜಿಪಿಯು ಎರಡಕ್ಕೂ ಇರುವುದು ಒಂದೇ ರ‍್ಯಾಮ್. ಎರಡು ಜಿಪಿಯು ಇರುವವರು ಮಾತ್ರ ಒಂದು ಸಂಗತಿ ಗಮನಿಸಬೇಕು: ಪರದೆ ಒಂದರಲ್ಲಿ, ಎನ್‌ಕೋಡರ್ ಇನ್ನೊಂದರಲ್ಲಿ ಇದ್ದರೆ ತಪ್ಪಿಸಿದ ನಕಲು ಮತ್ತೆ ಬಂದು ಸೇರುತ್ತದೆ. ಆದಷ್ಟೂ ಎರಡನ್ನೂ ಒಂದೇ ಜಿಪಿಯುಗೆ ವಹಿಸಿ.