ಬೆಟ್ಟದಿಂದ ಖಾಡಿಗೆ: ಭಾಂಡುಪ್‌ನ ನೀರಿನ ದಾರಿ

ಮುಂಬೈಯ ಮಳೆಯ ಮಾತು ಬಂದಾಗಲೆಲ್ಲ ಒಂದು ಅಂಕಿ ಎದುರು ಬಂದು ನಿಲ್ಲುತ್ತದೆ: 944. 2005ರ ಜುಲೈ 26ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ ದಾಖಲಾದ ಮಳೆ ಅಷ್ಟು ಮಿಲಿಮೀಟರ್. ವಿಹಾರ್ ಕೆರೆಯ ಬಳಿ ಅದು ಸಾವಿರವನ್ನೂ ದಾಟಿತ್ತು. ಅದೇ ದಿನ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 74 ಮಿಲಿಮೀಟರ್. ನಗರವೊಂದರಲ್ಲೇ 400ಕ್ಕೂ ಹೆಚ್ಚು ಜೀವಗಳು ಹೋದವು. ಆ ದಿನವನ್ನು ಯಾರೂ ಮರೆತಿಲ್ಲ, ಮರೆಯಲೂಬಾರದು. ಆದರೆ ಆ ಅಂಕಿಯಿಂದ ಒಂದು ಕೆಟ್ಟ ರೂಢಿಯೂ ಬೆಳೆದಿದೆ. ಮಳೆಗಾಲದಲ್ಲಿ ಎಲ್ಲಿ ನೀರು ತುಂಬಿದರೂ ಮೊದಲು ಕೇಳುವುದು ‘ಎಷ್ಟು ಮಿಲಿಮೀಟರ್?’ ಎಂದು. ಉತ್ತರ ದೊಡ್ಡದಿದ್ದರೆ ತಪ್ಪು ಆಕಾಶದ್ದು, ಚಿಕ್ಕದಿದ್ದರೆ ನಾಲಾ ಸಫಾಯಿಯ ಗುತ್ತಿಗೆದಾರನದು. ಎರಡೂ ಉತ್ತರಗಳು ನೆಲವನ್ನು ನೋಡುವುದಿಲ್ಲ. ಬಿದ್ದ ನೀರು ಯಾವ ದಾರಿಯಲ್ಲಿ ಸಮುದ್ರ ಸೇರಬೇಕಿತ್ತು, ಆ ದಾರಿಯಲ್ಲಿ ಈಗ ಏನಿದೆ ಎಂದು ಕೇಳದೆ ಪ್ರವಾಹ ಅರ್ಥವಾಗದು. ಇದನ್ನು ತಿಳಿಯಲು ಭಾಂಡುಪ್‌ಗಿಂತ ಒಳ್ಳೆಯ ಪಾಠಶಾಲೆ ಮುಂಬೈಯಲ್ಲಿ ಸಿಗುವುದು ಕಷ್ಟ.

ಭಾಂಡುಪ್‌ನ ನಕ್ಷೆಯನ್ನು ಪಶ್ಚಿಮದಿಂದ ಪೂರ್ವಕ್ಕೆ ಓದಬೇಕು. ಪಶ್ಚಿಮದಲ್ಲಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳು. ಅವುಗಳ ಇಳಿಜಾರಿಗೆ ಅಂಟಿಕೊಂಡು ಖಿಂಡಿಪಾಡಾ, ಟೆಂಭಿಪಾಡಾ, ಹನುಮಾನ್ ಟೇಕಡಿಯಂಥ ದಟ್ಟ ವಸತಿಗಳು. ಕೆಳಗೆ ಲಾಲ್ ಬಹಾದೂರ್ ಶಾಸ್ತ್ರಿ ಮಾರ್ಗ, ಎಂದರೆ ಹಳೆಯ ಮುಂಬೈ–ಆಗ್ರಾ ರಸ್ತೆ. ಅದನ್ನು ದಾಟಿದರೆ ಮಧ್ಯ ರೈಲ್ವೆಯ ಹಳಿಗಳು, ಅದರಾಚೆ ಭಾಂಡುಪ್ ಪೂರ್ವ, ನಂತರ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ. ಹೈವೇಯ ಎರಡೂ ಬದಿಗೆ ಉಪ್ಪಿನ ಆಗರಗಳು, ಕೊನೆಗೆ ಕಾಂಡ್ಲಾ ಕಾಡು ಮತ್ತು ಠಾಣೆ ಖಾಡಿ. ಗುಡ್ಡದ ಮೇಲೆ ಬಿದ್ದ ನೀರು ಕೆಲವೇ ಕಿಲೋಮೀಟರ್ ಇಳಿದು ಖಾಡಿ ಸೇರಬೇಕು. ಇಳಿಜಾರು ಕಡಿದಾಗಿರುವುದರಿಂದ ಅದು ಕೆಳಗೆ ಬರಲು ಹೆಚ್ಚು ಹೊತ್ತು ಬೇಕಿಲ್ಲ. ಕಷ್ಟ ಶುರುವಾಗುವುದು ಸಪಾಟು ನೆಲಕ್ಕೆ ಬಂದ ಮೇಲೆ. ಅಲ್ಲಿ ರಸ್ತೆ, ರೈಲು, ಹೆದ್ದಾರಿ ಮೂರೂ ಉತ್ತರ–ದಕ್ಷಿಣವಾಗಿ, ನೀರಿನ ದಾರಿಗೆ ಅಡ್ಡಲಾಗಿ ಮಲಗಿವೆ. ಏರಿಸಿ ಕಟ್ಟಿದ ಪ್ರತಿ ದಾರಿಯೂ ಮಳೆನೀರಿನ ಪಾಲಿಗೆ ಒಂದು ಒಡ್ಡು. ಆ ಒಡ್ಡಿನ ಕೆಳಗಿನ ಮೋರಿ ಎಷ್ಟು ಅಗಲವೋ ಅಷ್ಟೇ ನೀರು ಮುಂದೆ ಹೋಗುತ್ತದೆ. ಉಳಿದದ್ದು ಅಲ್ಲೇ ನಿಲ್ಲುತ್ತದೆ.

ಮುಂಬೈಯಿಂದ ಠಾಣೆಗೆ ರೈಲು ಹಾಕುವ ಯೋಚನೆ ಮೊದಲು ಹೊಳೆದದ್ದು ಇದೇ ಊರಿನಲ್ಲಿ ಎಂದು ರೈಲ್ವೆ ಇತಿಹಾಸ ಹೇಳುತ್ತದೆ. 1843ರಲ್ಲಿ ಭಾಂಡುಪ್‌ಗೆ ಬಂದಿದ್ದ ಮುಂಬೈ ಸರ್ಕಾರದ ಎಂಜಿನಿಯರ್ ಜಾರ್ಜ್ ಕ್ಲಾರ್ಕ್‌ಗೆ ಅದು ಹೊಳೆಯಿತಂತೆ. ಹತ್ತು ವರ್ಷಗಳ ಬಳಿಕ, 1853ರ ಏಪ್ರಿಲ್ 16ರಂದು, ಬೋರಿಬಂದರ್‌ನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಈ ದಾರಿಯಲ್ಲೇ ಓಡಿತು. ಆಗ ಹಳಿಯ ಎರಡೂ ಬದಿಗೆ ಗದ್ದೆ, ಜೌಗು, ಉಪ್ಪಿನ ಭೂಮಿ ಇತ್ತು. ಒಡ್ಡಿನ ಹಿಂದೆ ನೀರು ನಿಂತರೂ ಹರಡಲು ಜಾಗವಿತ್ತು. ಈಗ ಗದ್ದೆಗಳ ಜಾಗದಲ್ಲಿ ಮೊದಲು ಕಾರ್ಖಾನೆಗಳು ಬಂದು, ಅವುಗಳ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ಎದ್ದಿವೆ. ನೆಲ ಕಾಂಕ್ರೀಟ್ ಆಗಿದೆ, ಮೋರಿಗಳ ಬಾಯಿ ಮಾತ್ರ ಅದೇ ಪ್ರಮಾಣದಲ್ಲಿ ದೊಡ್ಡದಾಗಲಿಲ್ಲ. 2024ರ ಜುಲೈ 8ರ ನಸುಕಿನಲ್ಲಿ ಆರು ಗಂಟೆಗಳಲ್ಲಿ ನಗರದ ಕೆಲವೆಡೆ 300 ಮಿಲಿಮೀಟರ್ ದಾಟಿದ ಮಳೆ ಬಂದಾಗ ಭಾಂಡುಪ್–ನಾಹೂರ್ ನಡುವೆ ನೀರು ಹಳಿಯ ಮೇಲೇರಿ ಲೋಕಲ್‌ಗಳು ನಿಂತವು. ಹಳಿ ಮುಳುಗಿದ್ದನ್ನು ಎಲ್ಲರೂ ಸುದ್ದಿ ಮಾಡಿದರು. ಹಳಿಯ ಕೆಳಗಿನ ಮೋರಿ ಯಾರದು, ಅದನ್ನು ಅಗಲ ಮಾಡುವ ಹೊಣೆ ರೈಲ್ವೆಯದೋ ಪಾಲಿಕೆಯದೋ ಎಂದು ಕೇಳಿದವರು ಕಡಿಮೆ.

ಇನ್ನು ಗುಡ್ಡದ ಬದಿ. 2021ರ ಜುಲೈ 17ರ ರಾತ್ರಿಯಿಂದ ಮರುಬೆಳಗಿನವರೆಗೆ ಸುರಿದ ಮಳೆಯಲ್ಲಿ ಚೆಂಬೂರಿನ ಮಾಹುಲ್ ಬಳಿಯ ಭಾರತ್ ನಗರದಲ್ಲಿ ಗೋಡೆ ಬಿದ್ದು 19 ಜನ, ವಿಕ್ರೋಲಿಯ ಸೂರ್ಯನಗರದಲ್ಲಿ ಗುಡ್ಡ ಜರಿದು 10 ಜನ ಸತ್ತರು. ಭಾಂಡುಪ್‌ನಲ್ಲಿ ಅರಣ್ಯ ಇಲಾಖೆಯ ಆವರಣದ ಗೋಡೆ ಕುಸಿದು ಹದಿನಾರರ ಹುಡುಗನೊಬ್ಬ ತೀರಿಕೊಂಡ. ಅದೇ ದಿನ ಇಲ್ಲಿನ ನೀರು ಶುದ್ಧೀಕರಣ ಕೇಂದ್ರಕ್ಕೇ ಮಳೆನೀರು ನುಗ್ಗಿ ವಿದ್ಯುತ್ ಯಂತ್ರಗಳು ನಿಂತವು. ನಗರದ ಹೆಚ್ಚಿನ ಭಾಗಕ್ಕೆ ನಲ್ಲಿ ನೀರು ಕೊಡುವುದು ಈ ಕೇಂದ್ರ. ಹೊರಗೆಲ್ಲ ನೀರು, ನಲ್ಲಿಯಲ್ಲಿ ಮಾತ್ರ ಇಲ್ಲ. ಬಂದ ನೀರನ್ನು ಕುದಿಸಿ ಕುಡಿಯಿರಿ ಎಂದು ಪಾಲಿಕೆ ಹೇಳಬೇಕಾಯಿತು. ಗೋಡೆಯ ಸಾವುಗಳನ್ನು ವರದಿಗಳು ‘ಮಳೆಗೆ ಬಲಿ’ ಎನ್ನುತ್ತವೆ. ಆದರೆ ಇಳಿಜಾರಿನ ಗೋಡೆ ಬೀಳುವ ಕಾರಣ ಸರಳ. ಹಿಂದಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ, ನೀರು ಹೊರಹೋಗಲು ಗೋಡೆಯಲ್ಲಿ ಸಾಕಷ್ಟು ಕಿಂಡಿಗಳಿಲ್ಲದಿದ್ದರೆ ಅಷ್ಟೂ ಒತ್ತಡ ಗೋಡೆಯ ಮೇಲೆ ಬೀಳುತ್ತದೆ. ಕಿಂಡಿ ಇದೆಯೋ ಇಲ್ಲವೋ ನೋಡಲು ಮಳೆಗಾಲ ಬರಬೇಕಿಲ್ಲ. ಮಾರ್ಚ್ ತಿಂಗಳ ಬಿಸಿಲಿನಲ್ಲೂ ಅದು ಕಾಣುತ್ತದೆ.

ಕೆಳಗಿನ ಚರಂಡಿ ವ್ಯವಸ್ಥೆಯ ಕಥೆಯೂ ಹೊಸದಲ್ಲ. 1985ರ ಪ್ರವಾಹದ ನಂತರ ಶುರುವಾದ ಅಧ್ಯಯನ 1993ರಲ್ಲಿ ‘ಬ್ರಿಮ್‌ಸ್ಟೊವಾಡ್’ ವರದಿಯಾಗಿ ಹೊರಬಂತು. ನಗರದ ಹಳೆಯ ಮಳೆನೀರು ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕದಲ್ಲಿ, ಅದೂ ಸಮುದ್ರ ಇಳಿದಿರುವಾಗ, ಕೆಲಸ ಮಾಡುವಂಥವು. ಅದನ್ನು ಗಂಟೆಗೆ 50ಕ್ಕೆ ಏರಿಸಿ ಎಂದು ವರದಿ ಹೇಳಿತ್ತು. ಕೆಲಸಕ್ಕೆ ನಿಜವಾದ ವೇಗ ಬಂದದ್ದು 2005ರ ನಂತರ. ಉಬ್ಬರದ ಹೊತ್ತಿನಲ್ಲಿ ಸಮುದ್ರದ ಮಟ್ಟ ಹಲವು ಚರಂಡಿಗಳ ಬಾಯಿಗಿಂತ ಮೇಲಿರುತ್ತದೆ. ಆಗ ನೀರು ಹೊರಗೆ ಹೋಗುವುದಿರಲಿ, ಒಳಗೇ ಬರುತ್ತದೆ. ಅದಕ್ಕಾಗಿ ಎಂಟು ಪಂಪಿಂಗ್ ಸ್ಟೇಷನ್‌ಗಳ ಯೋಜನೆಯಾಯಿತು. ಹಾಜಿ ಅಲಿ, ಇರ್ಲಾ, ಲವ್‌ಗ್ರೋವ್ ಸೇರಿ ಆರು ಮೊದಲು ಸಿದ್ಧವಾದವು. ಪೂರ್ವ ಉಪನಗರಗಳಿಗೆಂದು ಯೋಚಿಸಿದ್ದ ಮಾಹುಲ್‌ನದು ಉಪ್ಪಿನ ಇಲಾಖೆಯ ಜಾಗದ ತಗಾದೆಯಲ್ಲಿ ವರ್ಷಗಟ್ಟಲೆ ನಿಂತಿತು. ಪಂಪ್ ಕೂಡ ಸರ್ವರೋಗದ ಮದ್ದಲ್ಲ. ತನ್ನ ಬಾಯಿಗೆ ಬಂದ ನೀರನ್ನು ಅದು ಎತ್ತಿ ಹಾಕೀತು. ಮೂರು ಒಡ್ಡುಗಳ ಹಿಂದೆ ಸಿಕ್ಕಿಕೊಂಡ ನೀರನ್ನು ಎಳೆದು ತರಲಾರದು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ದಿನಕ್ಕೆ 944 ಮಿಲಿಮೀಟರ್ ಸುರಿದರೆ ಜಗತ್ತಿನ ಯಾವ ನಗರ ತಡೆದೀತು, ಹವಾಮಾನವೇ ಬದಲಾಗುತ್ತಿರುವಾಗ ಪಾಲಿಕೆಯನ್ನು ದೂರಿ ಏನು ಫಲ ಎನ್ನುವವರಿದ್ದಾರೆ. ಅಂಥ ಮಳೆಗೆ ಚರಂಡಿ ಕಟ್ಟಲಾಗದು ಎಂಬುದು ಸರಿ. ಹವಾಮಾನ ಬದಲಾಗಿದೆ ಎಂಬುದೂ ನಿಜ: 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶದ ಮೇಲೆ ಸುರಿಯುವ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾಗಿವೆ ಎಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳ ನೇತೃತ್ವದ ಅಧ್ಯಯನ 2017ರಲ್ಲಿ ತೋರಿಸಿತು. ಆದರೆ ಮುಂಬೈಯ ತಗ್ಗು ಪ್ರದೇಶಗಳು ಮುಳುಗುವುದು 944ರ ದಿನ ಮಾತ್ರವಲ್ಲ. ಉಬ್ಬರದ ಹೊತ್ತಿಗೆ ಸರಿಯಾಗಿ ಬಂದ ಸಾಧಾರಣ ಜೋರು ಮಳೆಗೂ ಮುಳುಗುತ್ತವೆ. ಬೆಂಗಳೂರಿನ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. 2022ರ ಸೆಪ್ಟೆಂಬರ್ ಮೊದಲ ವಾರ ಒಂದು ರಾತ್ರಿ ಅಲ್ಲಿ ಸುರಿದದ್ದು 131.6 ಮಿಲಿಮೀಟರ್, ಮುಂಬೈಯ 2005ರ ಮಳೆಯ ಏಳನೆಯ ಒಂದು ಪಾಲು. ಸಮುದ್ರವಿಲ್ಲ, ಉಬ್ಬರವಿಲ್ಲ. ಆದರೂ ಮಹದೇವಪುರದ ಬಡಾವಣೆಗಳಿಗೆ ಟ್ರ್ಯಾಕ್ಟರ್, ದೋಣಿ ಬೇಕಾದವು. ರಾಜಕಾಲುವೆ ಮುಚ್ಚಿದ ಲೆಕ್ಕ ಆಗ ಹೊರಬಿತ್ತು. ಮಳೆ ಹೆಚ್ಚುತ್ತಿದೆ ಎಂಬುದು ನೀರಿನ ದಾರಿಯನ್ನು ಅಗಲ ಮಾಡಲು ಕಾರಣವಾಗಬೇಕು. ಅದನ್ನು ಕಿರಿದು ಮಾಡಿದ್ದಕ್ಕೆ ನೆಪವಾಗಬಾರದು.

ಭಾಂಡುಪ್‌ನ ಮುಂದಿನ ದೊಡ್ಡ ಪರೀಕ್ಷೆ ಅದರ ಪೂರ್ವದ ಅಂಚಿನಲ್ಲಿದೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಮಹಾರಾಷ್ಟ್ರ ಸಚಿವ ಸಂಪುಟ ಕಾಂಜೂರ್, ಭಾಂಡುಪ್, ಮುಲುಂಡ್‌ಗಳ ಸುಮಾರು 256 ಎಕರೆ ಉಪ್ಪಿನ ಭೂಮಿಯನ್ನು ಧಾರಾವಿ ಪುನರ್ವಸತಿಯ ಮನೆಗಳಿಗೆ ಬಳಸಲು ಒಪ್ಪಿಗೆ ಕೊಟ್ಟಿತು. ಇದನ್ನು ಸಮರ್ಥಿಸುವವರ ವಾದ ಹೀಗಿದೆ: ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಆದ ಮೇಲೆ ಈ ತಾಕುಗಳಿಗೆ ಸಮುದ್ರದ ನೀರೇ ಬರುತ್ತಿಲ್ಲ, ಉಪ್ಪು ತೆಗೆಯುವುದು ನಿಂತು ವರ್ಷಗಳಾದವು, ಪಾಳು ಭೂಮಿಯಲ್ಲಿ ಬಡವರಿಗೆ ಮನೆ ಕಟ್ಟಿದರೆ ತಪ್ಪೇನು? ಮನೆಯ ಅಗತ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ವಾದ ಸಮುದ್ರದ ನೀರಿನ ಬಗ್ಗೆ ಮಾತಾಡಿ ಮಳೆಯ ನೀರನ್ನು ಬಿಟ್ಟುಬಿಡುತ್ತದೆ. ಗೋಕರ್ಣದ ಸಾಣಿಕಟ್ಟೆಯ ಆಗರಗಳನ್ನು ನೋಡಿದವರಿಗೆ ಗೊತ್ತು, ಉಪ್ಪಿನ ತಾಕು ಎಂದರೆ ಬದು ಕಟ್ಟಿದ ತಗ್ಗು ನೆಲ. ಮಳೆಗಾಲದಲ್ಲಿ ಅದು ಕೆರೆಯಂತೆ ತುಂಬುತ್ತದೆ. ಲೆಕ್ಕ ಹಾಕಿ ನೋಡೋಣ: 256 ಎಕರೆಯ ಮೇಲೆ 100 ಮಿಲಿಮೀಟರ್ ನೀರು ನಿಂತರೆ ಅದು ಹತ್ತು ಕೋಟಿ ಲೀಟರ್‌ಗೂ ಹೆಚ್ಚು. ಸುತ್ತಲಿನಿಂದ ಹರಿದು ಬರುವುದು ಬೇರೆ. ನೆಲ ಎತ್ತರಿಸಿ ಕಟ್ಟಡ ಕಟ್ಟಿದರೆ ಆ ನೀರು ಎಲ್ಲಿಗೆ ಹೋಗಬೇಕು? ಇದೇ ನಗರದ ಹಿಂದ್‌ಮಾತಾದಲ್ಲಿ ನೀರು ನಿಲ್ಲದಿರಲೆಂದು ಪಾಲಿಕೆ ಪ್ರಮೋದ್ ಮಹಾಜನ್ ಉದ್ಯಾನದ ಅಡಿಯಲ್ಲಿ ಹಣ ಸುರಿದು ಭೂಗತ ತೊಟ್ಟಿ ಕಟ್ಟಿದೆ. ಒಂದೆಡೆ ನೆಲ ಅಗೆದು ನೀರಿಗೆ ಜಾಗ ಮಾಡುವುದು, ಇನ್ನೊಂದೆಡೆ ಇರುವ ಜಾಗವನ್ನು ಮುಚ್ಚುವುದು ಯಾವ ಲೆಕ್ಕಾಚಾರಕ್ಕೂ ಕೂಡುವುದಿಲ್ಲ.

ಹಾಗಾದರೆ ಝೋಪಡಿಗಳು ನಾಲಾ ಒತ್ತುವರಿ ಮಾಡಿಲ್ಲವೇ, ಜನ ಪ್ಲಾಸ್ಟಿಕ್ ಎಸೆಯುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಎರಡೂ ಹೌದು. ನಾಲಾದ ಅಂಚಿನ ಮನೆ ನೀರಿಗೆ ಅಡ್ಡಿಯೇ. ಆದರೆ ಅಲ್ಲಿ ಮನೆ ಕಟ್ಟಿದವನು ಬೇರೆಲ್ಲೂ ಜಾಗ ಸಿಗದೆ ಕಟ್ಟಿದ. ಮೊದಲು ಮುಳುಗುವವನೂ ಅವನೇ. ನಕ್ಷೆ ಮಂಜೂರು ಮಾಡಿಸಿಕೊಂಡು, ಮುದ್ರೆ ಒತ್ತಿಸಿಕೊಂಡು ನೀರಿನ ಜಾಗದಲ್ಲಿ ಎದ್ದ ಕಟ್ಟಡಗಳ ಮಾತೇ ಬೇರೆ. ಮೀಠಿ ನದಿಯ ದಡದಲ್ಲಿ, ಬಾಂದ್ರಾ–ಕುರ್ಲಾ ಸಂಕೀರ್ಣದ ಜೌಗಿನಲ್ಲಿ ನಡೆದ ಭರ್ತಿ ಕೆಲಸ ಬಡವರದಲ್ಲ. ಒತ್ತುವರಿಯ ಮಾತು ಆಡುವುದಾದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಆಡಬೇಕು.

ವಿಪತ್ತು ಬಂದಾಗ ಮುಂಬೈಯ ಜನ ತೋರುವ ಒಗ್ಗಟ್ಟು ದೊಡ್ಡದು. 2005ರಲ್ಲಿ ರಸ್ತೆಯಲ್ಲಿ ಸಿಕ್ಕಿಬಿದ್ದವರಿಗೆ ಗುರುದ್ವಾರ, ಮಸೀದಿ, ಶಾಲೆಗಳು ಬಾಗಿಲು ತೆರೆದವು. ಗುರುತಿಲ್ಲದವರನ್ನು ಮನೆಗೆ ಕರೆದು ಚಹಾ, ಬಿಸ್ಕತ್ತು ಕೊಟ್ಟವರಿದ್ದರು. ನೀರು ತುಂಬಿದ ಬೀದಿಗಳಲ್ಲಿ ಇಂದೂ ಕಾಣುವ ಒಂದು ದೃಶ್ಯವಿದೆ. ನೀರಿಳಿಯಲೆಂದು ಮ್ಯಾನ್‌ಹೋಲ್ ಮುಚ್ಚಳ ತೆಗೆದ ಜಾಗದಲ್ಲಿ ಯಾರೋ ಒಂದು ಮರದ ಕೊಂಬೆ ನೆಡುತ್ತಾರೆ, ತುದಿಗೆ ಕೆಂಪು ಬಟ್ಟೆ ಕಟ್ಟುತ್ತಾರೆ. ಅದು ನಾಗರಿಕ ಪ್ರಜ್ಞೆ ನಿಜ, ಜೊತೆಗೆ ಆಡಳಿತ ಮಾಡಬೇಕಾದ ಕೆಲಸವನ್ನು ಬೀದಿಯವರು ಮಾಡುತ್ತಿರುವುದರ ಗುರುತು ಕೂಡ. ಮಾಧ್ಯಮಗಳು ಮರುದಿನ ಇದನ್ನೆಲ್ಲ ಸೇರಿಸಿ ‘ಮುಂಬೈ ಸ್ಪಿರಿಟ್’ ಎಂದು ಕೊಂಡಾಡುತ್ತವೆ. ಸಂಕಟದಲ್ಲಿ ಒಳ್ಳೆಯ ಸುದ್ದಿ ಬೇಡವೇ ಎಂದರೆ ಖಂಡಿತ ಬೇಕು. ಆದರೆ ಪ್ರಶಂಸೆಯಲ್ಲೇ ವರದಿ ಮುಗಿದರೆ, ಸೊಂಟದ ಮಟ್ಟದ ನೀರಿನಲ್ಲಿ ಕೆಲಸಕ್ಕೆ ಹೋಗುವುದೇ ಸಾಧನೆಯಾಗಿಬಿಡುತ್ತದೆ. ಸಂಬಳ ಕಡಿತದ ಭಯದಿಂದ ಹೊರಟವನ ಅನಿವಾರ್ಯಕ್ಕೆ ಶೌರ್ಯವೆಂದು ಹೆಸರಿಟ್ಟ ಹಾಗೆ.

ಮಾಧ್ಯಮಕ್ಕೆ ಶಕ್ತಿಯಿಲ್ಲ ಎಂದೇನಲ್ಲ. 2021ರ ಜೂನ್‌ನಲ್ಲಿ ಮುಂಗಾರು ಮುಂಬೈ ಮುಟ್ಟಿದ ಹೊತ್ತಿನಲ್ಲೇ ಭಾಂಡುಪ್‌ನ ಒಂದು ಸಿಸಿಟಿವಿ ದೃಶ್ಯ ದೇಶವೆಲ್ಲ ಓಡಾಡಿತು. ನೀರು ಮುಚ್ಚಿದ ಫುಟ್‌ಪಾತ್‌ನಲ್ಲಿ ನಡೆಯುತ್ತಿದ್ದ ಮಹಿಳೆಯೊಬ್ಬರು ಕಾಣದ ಮ್ಯಾನ್‌ಹೋಲ್‌ಗೆ ಬಿದ್ದು ಹೇಗೋ ಪಾರಾಗುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಅದೇ ಜಾಗದಲ್ಲಿ ಇನ್ನೊಬ್ಬರು ಬಿದ್ದು ಬದುಕುತ್ತಾರೆ. ದೃಶ್ಯ ಹರಡಿದ್ದರಿಂದ ಅಧಿಕಾರಿಗಳು, ಜನಪ್ರತಿನಿಧಿಗಳು ಸ್ಥಳಕ್ಕೆ ಬಂದರು. 2017ರ ಆಗಸ್ಟ್ 29ರ ಮಳೆಯಲ್ಲಿ ಹೆಸರಾಂತ ವೈದ್ಯರೊಬ್ಬರು ಮ್ಯಾನ್‌ಹೋಲ್‌ಗೆ ಬಿದ್ದು ಸತ್ತಾಗಲೂ ಗದ್ದಲವೆದ್ದಿತ್ತು, ಮುಂದೆ ಹೈಕೋರ್ಟ್ ಕೂಡ ಪಾಲಿಕೆಯನ್ನು ಪ್ರಶ್ನಿಸಿತು, ಮುಚ್ಚಳದ ಕೆಳಗೆ ಜಾಲರಿ ಹಾಕುವ ಕೆಲಸ ನಡೆಯಿತು. ಕ್ಯಾಮರಾಕ್ಕೆ ಕಂಡ ಗುಂಡಿ ಹೀಗೆ ಮುಚ್ಚುತ್ತದೆ. ಕಿರಿದಾದ ಮೋರಿ, ಕಿಂಡಿಯಿಲ್ಲದ ಗೋಡೆ, ಕಡತದಲ್ಲಿ ಬದಲಾದ ಭೂ ಬಳಕೆ ಕ್ಯಾಮರಾಕ್ಕೆ ಕಾಣುವುದಿಲ್ಲ. ಅವನ್ನು ಓದಿ, ಕೇಳಿ, ಬರೆಯಬೇಕು. ಮಾಹಿತಿ ಸರಿಯಾಗಿ ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೂ 2005ರಲ್ಲೇ ಸಾಕ್ಷಿಯಿದೆ: ಮಳೆ ನಿಂತ ಮೇಲೆ ಜುಹೂವಿನ ನೆಹರೂ ನಗರದಲ್ಲಿ ನೀರು ನುಗ್ಗಿ ಬರುತ್ತಿದೆ ಎಂಬ ವದಂತಿಗೆ ಜನ ಓಡಿ, ಕಾಲ್ತುಳಿತದಲ್ಲಿ ಹಲವರು ಸತ್ತರು. ಈಗ ನಗರಕ್ಕೆ 2020ರ ಜೂನ್‌ನಿಂದ ‘ಐಫ್ಲೋಸ್’ ಎಂಬ ಪ್ರವಾಹ ಮುನ್ಸೂಚನೆ ವ್ಯವಸ್ಥೆಯಿದೆ. ಅದರ ಎಚ್ಚರಿಕೆ ಟೆಂಭಿಪಾಡಾದ ಮನೆಯವರೆಗೆ, ಅವರವರ ಭಾಷೆಯಲ್ಲಿ, ಸಾಮಾನು ಅಟ್ಟಕ್ಕೇರಿಸುವಷ್ಟು ಹೊತ್ತು ಮೊದಲು ತಲುಪಿದರೆ ಮಾತ್ರ ಅದಕ್ಕೆ ಬೆಲೆ. ಮುಂಬೈಯ ಕನ್ನಡ ಪತ್ರಿಕೆಗಳಿಗೂ ಇಲ್ಲಿ ಮಾಡಲು ಕೆಲಸವಿದೆ.

ಮುಂಬೈಯ ಪ್ರವಾಹ ತೀರ್ಮಾನವಾಗುವುದು ಜುಲೈಯಲ್ಲಲ್ಲ, ಡಿಸೆಂಬರ್‌ನಿಂದ ಮೇವರೆಗೆ. ಯಾವ ಜಾಗಕ್ಕೆ ಕಟ್ಟಡ, ಯಾವ ಮೋರಿಗೆ ಹಣ, ಯಾವ ಗೋಡೆಗೆ ದುರಸ್ತಿ ಎಂದು ನಿರ್ಧಾರವಾಗುವ ಒಣ ತಿಂಗಳುಗಳಲ್ಲಿ. ಆ ತಿಂಗಳುಗಳಲ್ಲಿ ಪತ್ರಿಕೆಗಳು ಸುಮ್ಮನಿರುತ್ತವೆ, ನಾವೂ ಸುಮ್ಮನಿರುತ್ತೇವೆ. ಅಭಿವೃದ್ಧಿ ಯೋಜನೆಯ ಕರಡು ಬಂದಾಗ ಆಕ್ಷೇಪ ಸಲ್ಲಿಸಲು ಜನರಿಗೆ ಹಕ್ಕಿದೆ. ವಾರ್ಡ್ ಕಚೇರಿಯಲ್ಲಿ ನಾಲಾದ ಅಗಲ ಕೇಳಲು ಮಾಹಿತಿ ಹಕ್ಕು ಕಾಯ್ದೆಯಿದೆ. ಭಾಂಡುಪ್‌ನಲ್ಲಿರುವ ಓದುಗರು ತಮ್ಮ ಬೀದಿಯ ನೀರು ಯಾವ ಮೋರಿಯಿಂದ ಹಳಿ ದಾಟುತ್ತದೆ, ಯಾವ ನಾಲಾದಿಂದ ಖಾಡಿ ಸೇರುತ್ತದೆ ಎಂದು ಈ ಬೇಸಿಗೆಯಲ್ಲೇ ವಿಚಾರಿಸಲಿ. ಉತ್ತರ ಸಿಗದಿದ್ದರೆ ಲಿಖಿತವಾಗಿ ಕೇಳಲಿ.