ನಿಮಗಿದು ಗೊತ್ತೆ? ಪೆಟ್ಟಿಗೆಯೊಂದರಲ್ಲಿ ಇಡೀ ರಾಮಾಯಣ

ಉತ್ತರ ಕರ್ನಾಟಕದ ಶಿಳ್ಳೇಕ್ಯಾತ ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಬರುವ ದೊಡ್ಡ ಆಸ್ತಿಯೆಂದರೆ ಊರೂರಿಗೆ ಹೊತ್ತೊಯ್ಯುವ ತೊಗಲುಗೊಂಬೆಗಳ ಪೆಟ್ಟಿಗೆ. ರಾಮಾಯಣ, ಮಹಾಭಾರತಗಳ ಪಾತ್ರಗಳೆಲ್ಲ ಅದರೊಳಗೆ ಒಂದರ ಮೇಲೊಂದು ಚಪ್ಪಟೆಯಾಗಿ ಮಲಗಿರುತ್ತವೆ. ಆಡಿನ ಚರ್ಮವನ್ನು ಬೆಳಕು ತೂರುವಷ್ಟು ತೆಳುವಾಗಿ ಹದಗೊಳಿಸಿ, ಕತ್ತರಿಸಿ, ಬಣ್ಣ ಹಾಕಿದ ಈ ಗೊಂಬೆಗಳನ್ನು ಬಿಳಿಯ ಪರದೆಯ ಹಿಂದೆ ದೀಪದ ಮುಂದೆ ಹಿಡಿದು ಆಡಿಸಿದಾಗ, ಎದುರು ಕುಳಿತವರಿಗೆ ಕಾಣುವುದು ಕಪ್ಪು ನೆರಳಲ್ಲ, ಬಣ್ಣದ ನೆರಳು. ಗೊಂಬೆಗಳ ಅಳತೆಯೂ ಒಂದೇ ಅಲ್ಲ: ದೇವರು, ಅರಸರು ದೊಡ್ಡವರು, ಸೇವಕರು ಚಿಕ್ಕವರು.

ಮನೆಯೊಳಗೆ ಮರಾಠಿ ಬೆರೆತ ನುಡಿಯಾಡುವ ಈ ಸಮುದಾಯ ಪರದೆಯ ಹಿಂದೆ ಅಚ್ಚಗನ್ನಡದಲ್ಲಿ ಕಥೆ ಹೇಳುತ್ತದೆ. ಆಟವಿಲ್ಲದ ದಿನಗಳಲ್ಲಿ ಹೊಳೆ, ಕೆರೆಗಳಲ್ಲಿ ಮೀನು ಹಿಡಿದು ಬದುಕುವುದು ಅದರ ಹಳೆಯ ವಾಡಿಕೆ. ಸ್ತ್ರೀಪಾತ್ರಗಳ ಮಾತು ಮತ್ತು ಹಾಡು ಮನೆಯ ಹೆಂಗಸರದು. ಬಾಗಲಕೋಟೆಯ ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ, ತಮ್ಮ ಮನೆತನದ ಗೊಂಬೆಗಳೊಂದಿಗೆ ಹಲವು ದೇಶಗಳಿಗೆ ಹೋಗಿ ಆಟ ತೋರಿಸಿದ್ದು, ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ, ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು. ಬಹಳ ತಡವಾಗಿಯಾದರೂ ಅತ್ಯಂತ ಯೋಗ್ಯರಿಗೆ ಸಂದ ಗೌರವ ಅದು.