ಹುಟ್ಟಿದಾಗ ಚೆನ್ನಾಗಿದ್ದ ಕೂಸು

ನನ್ನ ಅಕ್ಕನ ಮೊಮ್ಮಗಳಿಗೆ ಥಲಸ್ಸೇಮಿಯಾ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಲೇಬೇಕು. ಮೊನ್ನೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದಾಗ ಅಕ್ಕ ಕೇಳಿದಳು: ‘ಹುಟ್ಟಿದಾಗ ಗುಂಡುಗುಂಡಗಿದ್ದ ಕೂಸು ಕಣೋ. ಆರು ತಿಂಗಳಾದ ಮೇಲೆ ಬಿಳಿಚಿಕೊಂಡಿತು. ಯಾರ ದೃಷ್ಟಿ ತಾಗಿತೋ?’ ಮೂರು ದಶಕ ಜೀವಶಾಸ್ತ್ರ ಬೋಧಿಸಿದ ನನಗೂ ತಟ್ಟನೆ ಉತ್ತರಿಸಲಾಗಲಿಲ್ಲ.

ನಮ್ಮ ಬಹುತೇಕ ಜೀವಕೋಶಗಳಲ್ಲಿ ಪ್ರೋಟೀನು ತಯಾರಿಕೆಯ ಸುಮಾರು 20,000 ವಂಶವಾಹಿಗಳಿವೆ. ಕಣ್ಣಿನಲ್ಲಿರುವುದೂ ಯಕೃತ್ತಿನಲ್ಲಿರುವುದೂ ಒಂದೇ ಗ್ರಂಥ. ಆಯಾ ಕೋಶ ತನಗೆ ಬೇಕಾದ ಪುಟಗಳನ್ನಷ್ಟೇ ತೆರೆಯುತ್ತದೆ. ತೆರೆದ ಪುಟದ ನಕಲು ಆರ್‌ಎನ್‌ಎ ರೂಪದಲ್ಲಿ ಕೋಶಕೇಂದ್ರದಿಂದ ಹೊರಬರುತ್ತದೆ. ರೈಬೋಸೋಮುಗಳು ಅದನ್ನು ಓದಿ, ಅಮೈನೋ ಆಮ್ಲಗಳನ್ನು ಪೋಣಿಸಿ ಪ್ರೋಟೀನು ಕಟ್ಟುತ್ತವೆ. ವಂಶವಾಹಿ ಇರುವುದು ಬೇರೆ, ಅದು ಅಭಿವ್ಯಕ್ತಗೊಳ್ಳುವುದು ಬೇರೆ.

ಗರ್ಭಸ್ಥ ಶಿಶುವಿನ ಹಿಮೋಗ್ಲೋಬಿನ್ ನಮ್ಮದರಂತಲ್ಲ. ತಾಯಿಯ ರಕ್ತದಿಂದ ಆಮ್ಲಜನಕ ಸೆಳೆದುಕೊಳ್ಳಬೇಕಾದ ಅದರಲ್ಲಿ ಬೀಟಾ ಸರಪಳಿಯ ಬದಲು ಗಾಮಾ ಸರಪಳಿ ಇರುತ್ತದೆ. ಹುಟ್ಟಿದ ಕೆಲವೇ ತಿಂಗಳಲ್ಲಿ ಗಾಮಾ ವಂಶವಾಹಿ ಬಹುಮಟ್ಟಿಗೆ ಮೌನವಾಗಿ, ಬೀಟಾ ಕೆಲಸ ವಹಿಸಿಕೊಳ್ಳುತ್ತದೆ. ಮೊಮ್ಮಗಳಿಗೆ ತಂದೆ, ತಾಯಿ ಇಬ್ಬರಿಂದಲೂ ಬಂದದ್ದು ದೋಷವುಳ್ಳ ಬೀಟಾ. ಗಾಮಾ ದುಡಿಯುತ್ತಿದ್ದಷ್ಟು ದಿನ ಅದು ಬಯಲಾಗಲಿಲ್ಲ. ದೃಷ್ಟಿಯಲ್ಲ, ಪಾಳಿ ಬದಲಾವಣೆ!

ಕುಡಗೋಲು ಕಣ ರಕ್ತಹೀನತೆಯೂ ಎಳೆಗೂಸನ್ನು ಕಾಡದಿರಲು ಭ್ರೂಣದ ಹಿಮೋಗ್ಲೋಬಿನ್ನೇ ಕಾರಣವಿರಬೇಕೆಂದು 1948ರಲ್ಲೇ ಸೂಚಿಸಿದವರು ನ್ಯೂಯಾರ್ಕಿನ ವೈದ್ಯೆ ಜಾನೆಟ್ ವಾಟ್ಸನ್ (ಡಿಎನ್‌ಎ ಖ್ಯಾತಿಯ ವಾಟ್ಸನ್ ಬೇರೆ). ಗಾಮಾವನ್ನು ಮಲಗಿಸುವುದರಲ್ಲಿ ಬಿಸಿಎಲ್11ಎ ಎಂಬ ಪ್ರೋಟೀನಿನ ಪಾತ್ರ ದೊಡ್ಡದೆಂದು 2008ರಲ್ಲಿ ತಿಳಿಯಿತು. ರೋಗಿಯದೇ ರಕ್ತದ ಆಕರಕೋಶಗಳನ್ನು ತೆಗೆದು, ಕ್ರಿಸ್ಪರ್ ಕತ್ತರಿಯಿಂದ ಆ ಪ್ರೋಟೀನನ್ನು ತಗ್ಗಿಸಿ ಮರಳಿಸುವ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ ಒಪ್ಪಿಗೆ ನೀಡಿತು. ಇಲ್ಲಿ ಕೆಟ್ಟ ಬೀಟಾವನ್ನು ಯಾರೂ ದುರಸ್ತಿ ಮಾಡಲಿಲ್ಲ; ಮಲಗಿದ್ದ ಗಾಮಾವನ್ನು ಎಬ್ಬಿಸಿದರು, ಅಷ್ಟೇ. ಅಮೆರಿಕದಲ್ಲಿ ಇದಕ್ಕೆ ಗೊತ್ತುಪಡಿಸಿದ ಬೆಲೆ ಮಾತ್ರ 22 ಲಕ್ಷ ಡಾಲರ್.

ನಮ್ಮಂಥವರಿಗೆ ಎಟುಕುವುದು ಮದುವೆಗೆ ಮುಂಚಿನ ರಕ್ತಪರೀಕ್ಷೆ. ಗಂಡು, ಹೆಣ್ಣು ಇಬ್ಬರೂ ವಾಹಕರಾದರೆ ಪ್ರತಿ ಗರ್ಭದಲ್ಲೂ ರೋಗದ ಸಂಭವ ನಾಲ್ಕರಲ್ಲಿ ಒಂದು. ಜಾತಕವನ್ನು ಮೂರು ಕಡೆ ತೋರಿಸಿದ ನಮ್ಮ ಮನೆಯಲ್ಲಿ ಈ ಪರೀಕ್ಷೆಯ ಮಾತೇ ಬರಲಿಲ್ಲ. ಜೀವಶಾಸ್ತ್ರದ ಮೇಷ್ಟ್ರು ನಾನೂ ಎತ್ತಲಿಲ್ಲ.

ಅಕ್ಕನಿಗೆ ಪಾಳಿಯ ಕಥೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಕಿರಿಯವನಿಗೆ ಹೆಣ್ಣು ನೋಡುತ್ತಿದ್ದೇವಲ್ಲ, ಅವನ ರಕ್ತವನ್ನೂ ಪರೀಕ್ಷೆ ಮಾಡಿಸಬೇಕೇನೋ?’ ಎಂದಳು. ಸೋಮವಾರ ಅವನನ್ನು ಕರೆದೊಯ್ಯುತ್ತಿದ್ದೇನೆ.